ಹೀಟರ್ ಹಾಕಿದರೂ ತಣ್ಣನೆಯ ಗಾಳಿ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಒಂಬತ್ತು ವರ್ಷವಾಗಿದೆ. ದಿನಾಲು ನಸುಕಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತೇನೆ. ಚಳಿ ಶುರುವಾದ ಮೇಲೆ ಮುಂದಿನ ಗಾಜಿಗೆ ಮಂಜು ಹಿಡಿಯುತ್ತದೆಂದು ಹೀಟರ್ ಹಾಕಿದರೆ, ಧಾರವಾಡ ಮುಟ್ಟುವವರೆಗೂ ತಣ್ಣನೆಯ ಗಾಳಿಯೇ ಬರುತ್ತದೆ. ಗಾಳಿಯ ರಭಸಕ್ಕೇನೂ ಕೊರತೆಯಿಲ್ಲ. ಬೇಸಿಗೆಯಲ್ಲಿ ಎಂಜಿನ್ ಕಾದು ಗ್ಯಾರೇಜಿಗೆ ಒಯ್ದಿದ್ದೆ. ಅಂದಿನಿಂದ ಉಷ್ಣಾಂಶದ ಮುಳ್ಳು ಅರ್ಧಕ್ಕೆ ಏರಿದ್ದೇ ಇಲ್ಲ. ‘ನಮ್ಮ ಕಡೆ ಹೀಟರ್ ಯಾಕ ಬೇಕ್ರಿ, ಬಿಡ್ರಿ’ ಎನ್ನುತ್ತಾರೆ ಮೆಕ್ಯಾನಿಕ್. ಬಿಡಬಹುದೆ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮಂಥ ಕಾರಿನ ಹೀಟರಿಗೆ ಸ್ವಂತ ಬಿಸಿ ಇರುವುದಿಲ್ಲ. ಎಂಜಿನ್ನಿನ ಬಿಸಿಯನ್ನು ಹೊತ್ತ ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಒಂದು ಪಾಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಸಣ್ಣ ರೇಡಿಯೇಟರಿಗೆ ಬಂದು ಹೋಗುತ್ತದೆ. ಬ್ಲೋವರ್ ಅದರ ಮೇಲೆ ಹಾಯಿಸಿದ ಗಾಳಿಯೇ ಬೆಚ್ಚಗಾಗಿ ನಿಮ್ಮನ್ನು ತಲುಪುತ್ತದೆ. ಆದ್ದರಿಂದ ಬ್ಲೋವರ್ ಸರಿಯಿದ್ದೂ ಗಾಳಿ ತಣ್ಣಗಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಎಂಜಿನ್ ತಣಿಸುವ ವ್ಯವಸ್ಥೆಯನ್ನು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಆ ಮುಳ್ಳಿನ ವಿಷಯ. ಥರ್ಮೋಸ್ಟಾಟ್ ಎಂಬ ಕವಾಟವು ಕೂಲಂಟ್ ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ಅದನ್ನು ತಣಿಸುವ ಮುಂದಿನ ದೊಡ್ಡ ರೇಡಿಯೇಟರಿಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಎಂಜಿನ್ ಕಾದರೆ ಈ ಕವಾಟವನ್ನೇ ಕಿತ್ತುಹಾಕಿ ಕಳಿಸುವ ಕೆಟ್ಟ ರೂಢಿ ಇನ್ನೂ ಹೋಗಿಲ್ಲ. ನಿಮ್ಮ ಕಾರಿಗೂ ಹಾಗೆಯೇ ಆಗಿರಬಹುದು, ಇಲ್ಲವೇ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ನವನಗರ ದಾಟಿ ವೇಗ ಹಿಡಿದಾಗ ಮುಳ್ಳು ಇನ್ನಷ್ಟು ಇಳಿದು, ಸಿಗ್ನಲಿನಲ್ಲಿ ನಿಂತಾಗ ಗಾಳಿ ಕೊಂಚ ಬೆಚ್ಚಗಾಗುತ್ತಿದ್ದರೆ ದೋಷ ಇಲ್ಲಿಯದೇ ಎನ್ನಬಹುದು. ಇದಕ್ಕೆ ವಿರುದ್ಧವಾಗಿ, ಓಡುವಾಗ ಬೆಚ್ಚಗಿದ್ದು ನಿಂತೊಡನೆ ತಣ್ಣಗಾದರೆ ಕೂಲಂಟ್ ಕಡಿಮೆಯಾಗಿದೆ, ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ವಾಟರ್ ಪಂಪ್ ಸೋತಿದೆ ಎಂದು ತಿಳಿಯಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೊದಲು ಕೂಲಂಟ್ ಮಟ್ಟವನ್ನು ನೋಡಿಕೊಳ್ಳಿ. ನಂತರ ಎಂಜಿನ್ ಚಾಲೂ ಮಾಡಿ, ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡಿ. ಕವಾಟ ಸರಿಯಿದ್ದರೆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಕಾಯುತ್ತದೆ. ಮೊದಲಿನಿಂದಲೇ ಉಗುರುಬೆಚ್ಚಗಾಗುತ್ತ ಹೋದರೆ ಕವಾಟ ಇಲ್ಲ, ಅಥವಾ ಇದ್ದೂ ಮುಚ್ಚುತ್ತಿಲ್ಲ. ಎಂಜಿನ್ ಕಾದ ಮೇಲೆ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲಂಟ್ ಮೈಮೇಲೆ ಚಿಮ್ಮುತ್ತದೆ.

ಥರ್ಮೋಸ್ಟಾಟ್ ಸರಿಯಿದೆ ಎಂದಾದರೆ, ಎಂಜಿನ್ ಕಾದಾಗ ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಎಚ್ಚರದಿಂದ ಮುಟ್ಟಿ ಹೋಲಿಸಿ. ಎರಡೂ ಬಿಸಿಯಿದ್ದರೆ, ಗಾಳಿಯನ್ನು ಕೋರ್‌ನತ್ತ ತಿರುಗಿಸುವ ಒಳಗಿನ ಸಣ್ಣ ಕದ ಅಥವಾ ಅದರ ಮೋಟಾರು ಕೆಟ್ಟಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ; ಕೂಲಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಸುರಿದ ಕಾರುಗಳಲ್ಲಿ ಸುಣ್ಣದ ಪದರು ಕೂತು ಹೀಗಾಗುತ್ತದೆ. ಕೆಲವೆಡೆ ಸೋರುವ ಕೋರ್ ಬದಲಿಸದೆ ಎರಡು ಪೈಪುಗಳನ್ನೂ ಬಾನೆಟ್ಟಿನಡಿಯಲ್ಲೇ ಒಂದಕ್ಕೊಂದು ಜೋಡಿಸಿಬಿಟ್ಟಿರುತ್ತಾರೆ. ಅದನ್ನೂ ಕಣ್ಣಾರೆ ನೋಡಿಕೊಳ್ಳಿ.

ಸದಾ ತಣ್ಣಗೆ ಓಡುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಆಯಿಲಿಗೆ ಪೆಟ್ರೋಲ್ ಬೆರೆತು ಭಾಗಗಳು ಬೇಗ ಸವೆಯುತ್ತವೆ. ಹೊಸ ಥರ್ಮೋಸ್ಟಾಟ್ ಹಾಕಿಸಿ, ಕೈಪಿಡಿ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬಿಸಿ, ಒಳಗಿನ ಗಾಳಿಯನ್ನು ಪೂರ್ತಿ ತೆಗೆಸಿ. ಆದರೆ ಬೇಸಿಗೆಯಲ್ಲಿ ಎಂಜಿನ್ ಕಾದದ್ದೇಕೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ರೇಡಿಯೇಟರ್, ಅದರ ಫ್ಯಾನು, ವಾಟರ್ ಪಂಪುಗಳನ್ನು ಜೊತೆಗೇ ಪರೀಕ್ಷಿಸಲು ಒತ್ತಾಯಿಸಿ. ಅಲ್ಲಿಯವರೆಗೆ ಗಾಜಿನ ಒಳಮೈಯ ಮಂಜಿಗೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಟ್ಟು ಗಾಜಿನತ್ತ ತಿರುಗಿಸಿ. ಎಸಿ ಗಾಳಿಯ ತೇವವನ್ನು ಹೀರುವುದರಿಂದ ಗಾಜು ಬೇಗ ತಿಳಿಯಾಗುತ್ತದೆ.

ಪ್ರಶ್ನೆ: ಹೀಟರ್ ಹಾಕಿದೊಡನೆ ಸಿಹಿಯಾದ ವಾಸನೆ ಬರುತ್ತದೆ, ಗಾಜಿನ ಮೇಲೆ ಜಿಡ್ಡು ಕೂರುತ್ತದೆ. ಮುಂದಿನ ಎಡಸೀಟಿನ ಕೆಳಗಿನ ಮ್ಯಾಟ್ ಒದ್ದೆಯಾಗುತ್ತಿದೆ. ಎಸಿಯ ನೀರೆ?
– ಓದುಗರೊಬ್ಬರು, ಗದಗ

ಉತ್ತರ: ಅಲ್ಲ. ಎಸಿಯ ನೀರಿಗೆ ಬಣ್ಣವಾಗಲಿ ಸಿಹಿ ವಾಸನೆಯಾಗಲಿ ಇರುವುದಿಲ್ಲ. ಇದು ಹೀಟರ್ ಕೋರ್ ಸೋರಿಕೆಯ ಲಕ್ಷಣ. ಸೋರುತ್ತಿರುವುದು ವಿಷಕಾರಿ ದ್ರವ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ಮ್ಯಾಟಿನಿಂದ ದೂರವಿಡಿ. ಸೋರಿಕೆಯಿಂದ ಕೂಲಂಟ್ ಇಳಿದು ಎಂಜಿನ್ ಕಾಯಬಹುದಾದ್ದರಿಂದ, ಕೋರ್ ಬದಲಿಸುವವರೆಗೆ ದೂರದ ಪ್ರಯಾಣಕ್ಕೆ ಆ ಕಾರನ್ನು ಒಯ್ಯಬೇಡಿ.