ಸುಪ್ರೀಂ ಕೋರ್ಟ್ ರದ್ದುಪಡಿಸಿದ ಕಾಯ್ದೆ ಮತ್ತೆ ಬರಬಹುದೇ?

ಪ್ರಶ್ನೆ: ಬಡ್ತಿ ಮೀಸಲಾತಿಯ ಜ್ಯೇಷ್ಠತೆ ಕುರಿತ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ನಮ್ಮ ಇಲಾಖೆಯಲ್ಲಿ ಕೆಲವರಿಗೆ ಹಿಂಬಡ್ತಿಯಾಯಿತು. ಹೊಸ ಕಾಯ್ದೆ ಬಂದ ಮೇಲೆ ಅವರೇ ಮೇಲಿನ ಹುದ್ದೆಗೆ ಮರಳಿದರು. ಕೋರ್ಟ್ ರದ್ದು ಮಾಡಿದ್ದನ್ನು ವಿಧಾನಮಂಡಲ ಮತ್ತೆ ಜಾರಿಗೆ ತರುವುದಾದರೆ ತೀರ್ಪಿಗೆ ಏನು ಬೆಲೆ?

ಉತ್ತರ: ತೀರ್ಪು ತಪ್ಪೆಂದು ಘೋಷಿಸಿ ಅದನ್ನು ತಳ್ಳಿಹಾಕುವ ಅಧಿಕಾರ ಶಾಸಕಾಂಗಕ್ಕೆ ಇಲ್ಲ. ಆದರೆ ಆ ತೀರ್ಪಿಗೆ ಕಾರಣವಾದ ದೋಷವನ್ನು ಸರಿಪಡಿಸಿ ಹೊಸದಾಗಿ ಕಾಯ್ದೆ ಮಾಡುವ ಅಧಿಕಾರ ಇದೆ. ಇವೆರಡರ ನಡುವಿನ ಗೆರೆ ತೆಳುವಾದದ್ದು. ನಮ್ಮ ರಾಜ್ಯ ಒಮ್ಮೆ ಆ ಗೆರೆ ದಾಟಿ ಸೋತಿದೆ, ಇನ್ನೊಮ್ಮೆ ಗೆರೆಯೊಳಗೇ ನಿಂತು ಗೆದ್ದಿದೆ.

ಸೋತದ್ದು ಕಾವೇರಿಯ ವಿಷಯದಲ್ಲಿ. 1991ರ ಜೂನ್ 25ರಂದು ಕಾವೇರಿ ಜಲ ವಿವಾದ ನ್ಯಾಯಮಂಡಳಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ದೊರಕಬೇಕೆಂದು ಮಧ್ಯಂತರ ಆದೇಶ ನೀಡಿತು. ತಿಂಗಳು ತುಂಬುವಷ್ಟರಲ್ಲಿ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿತು. ರಾಷ್ಟ್ರಪತಿಗಳು ಸಂವಿಧಾನದ 143ನೇ ವಿಧಿಯಡಿ ಅಭಿಪ್ರಾಯ ಕೇಳಿದಾಗ, ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಬಾಹಿರವೆಂದಿತು. ಆ ಸುಗ್ರೀವಾಜ್ಞೆ ಯಾವ ದೋಷವನ್ನೂ ತಿದ್ದಿರಲಿಲ್ಲ. ಆದೇಶವನ್ನು ನಿಷ್ಫಲಗೊಳಿಸುವುದೇ ಅದರ ಗುರಿಯಾಗಿತ್ತು.

ಗೆದ್ದದ್ದು ನೀವು ಕೇಳಿರುವ ಬಡ್ತಿಯ ವಿಷಯದಲ್ಲಿ. ಇಬ್ಬರು ಪ್ರಥಮ ದರ್ಜೆ ಸಹಾಯಕರನ್ನು ಊಹಿಸಿಕೊಳ್ಳಿ. ಪಟ್ಟಿಯಲ್ಲಿ ಕೆಳಗಿರುವ ಪರಿಶಿಷ್ಟ ಜಾತಿಯ ನೌಕರರು ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ಮೊದಲು ಅಧೀಕ್ಷಕರಾಗುತ್ತಾರೆ, ಮೇಲಿದ್ದವರು ಮೂರು ವರ್ಷ ತಡವಾಗಿ ಅದೇ ಹುದ್ದೆಗೆ ಬರುತ್ತಾರೆ. ಅಧೀಕ್ಷಕರ ಜ್ಯೇಷ್ಠತಾ ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು? ಮೊದಲು ಬಡ್ತಿ ಪಡೆದವರದ್ದು ಎಂದು 2002ರ ರಾಜ್ಯ ಕಾಯ್ದೆ ಹೇಳಿತ್ತು. ಆದರೆ ಪರಿಶಿಷ್ಟರ ಪ್ರಾತಿನಿಧ್ಯ ಸಾಲದು ಎಂಬುದನ್ನೂ ಆಡಳಿತದ ದಕ್ಷತೆಗೆ ಧಕ್ಕೆಯಿಲ್ಲ ಎಂಬುದನ್ನೂ ಅಂಕಿ-ಅಂಶ ಸಹಿತ ತೋರಿಸಬೇಕೆಂದು 2006ರ ಎಂ. ನಾಗರಾಜ್ ಪ್ರಕರಣದಲ್ಲಿ ಸಂವಿಧಾನ ಪೀಠ ವಿಧಿಸಿತ್ತು. ಆ ಕೆಲಸ ನಡೆದೇ ಇಲ್ಲ ಎಂಬ ಕಾರಣಕ್ಕೆ 2017ರ ಫೆಬ್ರುವರಿ 9ರಂದು, ಬಿ.ಕೆ. ಪವಿತ್ರಾ ಪ್ರಕರಣದಲ್ಲಿ, ಕಾಯ್ದೆಯ ಮುಖ್ಯ ಕಲಮುಗಳು ಬಿದ್ದುಹೋದವು. ಇಂಥ ಜ್ಯೇಷ್ಠತೆಯನ್ನು ಎಂದಿಗೂ ಕೊಡಕೂಡದು ಎಂದು ಕೋರ್ಟ್ ಹೇಳಿರಲಿಲ್ಲ. ಹಲವರು ತೀರ್ಪನ್ನು ಓದದೆಯೇ ಹಾಗೆ ತಿಳಿದುಕೊಂಡರು.

ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ರತ್ನಪ್ರಭಾ ಅವರ ಸಮಿತಿಯಿಂದ ಇಲಾಖಾವಾರು ಮಾಹಿತಿ ಸಂಗ್ರಹಿಸಿ, ಅದರ ಆಧಾರದ ಮೇಲೆ ಹೊಸ ಮಸೂದೆ ರೂಪಿಸಿತು. 2017ರ ನವೆಂಬರ್‌ನಲ್ಲಿ ವಿಧಾನಸಭೆ, ವಿಧಾನ ಪರಿಷತ್ತುಗಳೆರಡೂ ಒಪ್ಪಿದವು. ಸಾಮಾನ್ಯವಾಗಿ ಇಲ್ಲಿಗೆ ರಾಜ್ಯಪಾಲರ ಅಂಕಿತವೊಂದೇ ಬಾಕಿ ಇರುತ್ತದೆ. ಈ ಮಸೂದೆಯನ್ನು ಅವರು 200ನೇ ವಿಧಿಯಡಿ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಅಂಕಿತ ದೊರೆತು ರಾಜ್ಯಪತ್ರದಲ್ಲಿ ಪ್ರಕಟವಾಗುವಾಗ 2018ರ ಜೂನ್ ಬಂದಿತ್ತು. ಮತ್ತೆ ಸವಾಲು, ಮತ್ತೆ ಸುಪ್ರೀಂ ಕೋರ್ಟ್. 2019ರ ಮೇ 10ರಂದು ಪೀಠವು ಕಾಯ್ದೆಯನ್ನು ಎತ್ತಿಹಿಡಿಯಿತು: ಹಿಂದಿನ ಕಾಯ್ದೆಯಲ್ಲಿ ಇಲ್ಲದ ಆಧಾರ ಈಗ ಇದೆ, ತೀರ್ಪಿನ ಬುನಾದಿಯೇ ಬದಲಾಗಿರುವುದರಿಂದ ಇದು ತೀರ್ಪನ್ನು ಮೀರಿದಂತೆ ಅಲ್ಲ.

ಹಾಗಾದರೆ ಬೆಲೆ? ಆ ತೀರ್ಪು ಬಾರದಿದ್ದರೆ ಇಲಾಖೆಗಳ ಲೆಕ್ಕ ತೆಗೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಮುಂದೆ ಇಂಥ ಮಸೂದೆ ಕಂಡಾಗ, ಜೊತೆಗಿರುವ ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ಯನ್ನು ಮೊದಲು ಓದಿ. ತಿದ್ದಿರುವ ದೋಷ ಯಾವುದೆಂದು ಅಲ್ಲಿ ಕಾಣದಿದ್ದರೆ ಆ ಕಾಯ್ದೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇನ್ನು ನಿಮ್ಮದೇ ಪಟ್ಟಿಯಲ್ಲಿ ತಪ್ಪಾಗಿದ್ದರೆ, ಇಲಾಖೆಗೆ ಆಕ್ಷೇಪಣೆ ಸಲ್ಲಿಸಿದ ನಂತರ ಹೋಗಬೇಕಾದ್ದು ನೇರವಾಗಿ ಹೈಕೋರ್ಟಿಗಲ್ಲ, ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ.