ಅಮ್ಮನಿಗೆ ಈಗ ನೋವಿಲ್ಲ, ಆದರೂ ಕ್ಯಾನ್ಸರ್‌ಗೆ ಕೊಟ್ಟ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ಕೊಡಬೇಕಾ? ಚಟ ಆಗಲ್ವಾ?

ಕೊಡಬೇಕು. ನೋವು ಮರಳಿ ಬಾರದಿರಲಿ ಅಂತಲೇ ಅದನ್ನು ಬರೆದಿರುವುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು 4 ಗಂಟೆಗೆ ಮುಗಿಯುತ್ತದೆ. ಅಷ್ಟರಲ್ಲಿ ಮುಂದಿನದು ಹೊಟ್ಟೆಗೆ ಹೋದರೆ ರಕ್ತದಲ್ಲಿ ಔಷಧಿ ತೀರಾ ಕಡಿಮೆಯಾಗುವುದಿಲ್ಲ. ನೋವು ಜೋರಾಗಲಿ ಅಂತ ಕಾದರೆ, ಮಾತ್ರೆ ಹತ್ತುವವರೆಗೆ ಅವರು ಸುಮ್ನೆ ನರಳಬೇಕು, ಅಲ್ವಾ?

ವೈದ್ಯರು ಹೇಳಿದಷ್ಟೇ ಕೊಟ್ಟರೆ ಚಟ ಆಗುವುದು ಅಪರೂಪ. ನನ್ನ ಪ್ರಕಾರ ಜಾಸ್ತಿ ಯೋಚಿಸಬೇಕಾದದ್ದು ಮಲಬದ್ಧತೆಯ ಬಗ್ಗೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ. ವಿಪರೀತ ಮಂಪರು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ. ನೀವಾಗಿಯೇ ದಿಢೀರ್ ಅಂತ ನಿಲ್ಲಿಸಬೇಡಿ.

ಇದು ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಮಾತ್ರೆಯಲ್ಲ. ಮುಗಿಯುವ ಮುಂಚೆಯೇ ಬರೆದುಕೊಟ್ಟ ಆಸ್ಪತ್ರೆಯಲ್ಲಿ ವಿಚಾರಿಸಿ ತನ್ನಿ.