ಓದುಗರ ಪ್ರಶ್ನೆ: ಬಯಲ ಗಾಳಿಯಲ್ಲಿ ಗದ್ದೆಯ ಅನಿಲವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಭತ್ತದ ಗದ್ದೆಗಳಿಂದ, ಭೂಮಿಯ ಬಿಸಿಯನ್ನು ಹೆಚ್ಚಿಸುವ ಮೀಥೇನ್ ಅನಿಲ ಹೊರಬೀಳುತ್ತದೆ ಎಂದು ಆಗಾಗ ಓದುತ್ತೇವೆ. ಇಲ್ಲಿ ಗೋವಾದ ದಿವಾರ್ ದ್ವೀಪದ ಖಾಜನ್ ಗದ್ದೆಗಳ (ಬದು ಕಟ್ಟಿದ ಉಪ್ಪುನೀರಿನ ನೆಲದ ಗದ್ದೆಗಳ) ಮೇಲೆ ಮಳೆಗಾಲದಲ್ಲಿ ಗಾಳಿ ಬಿಡುವಿಲ್ಲದೆ ಬೀಸುತ್ತಿರುತ್ತದೆ. ಹಾಗೆ ಹಾರಿಹೋಗುವ ಅನಿಲವನ್ನು ಇಷ್ಟೇ ಎಂದು ಹೇಗೆ ಅಳೆಯುತ್ತಾರೆ? ಆ ಅಂಕಿಗಳನ್ನು ನಂಬಬಹುದೆ?
(ಪಣಜಿಯಲ್ಲಿ ನೆಲೆಸಿರುವ, ಮೂಲತಃ ಕುಮಟಾದ ಓದುಗರು)

ಉತ್ತರ: ತಾವು ಅಡ್ಡಿ ಎಂದುಕೊಂಡಿರುವ ಗಾಳಿಯೇ ಅಳತೆಗೆ ಆಧಾರವಾಗುವ ವಿಧಾನವೊಂದಿದೆ. ಬೆಳೆಯ ಮೇಲೆ ಬೀಸುವ ಗಾಳಿ ಸುಳಿಸುಳಿಯಾಗಿ ಹೊರಳುತ್ತ ಸಾಗುತ್ತದೆ. ಒಂದು ಸುಳಿ ಬೆಳೆಯ ಬಳಿಯ ಗಾಳಿಯನ್ನು ಮೇಲಕ್ಕೆತ್ತಿದರೆ ಮತ್ತೊಂದು ಮೇಲಿನ ಗಾಳಿಯನ್ನು ಕೆಳಗಿಳಿಸುತ್ತದೆ. ಮೇಲೇರುವ ಗಾಳಿಯಲ್ಲಿ ಮೀಥೇನ್ ತುಸು ಹೆಚ್ಚಾಗಿಯೂ ಕೆಳಗಿಳಿಯುವ ಗಾಳಿಯಲ್ಲಿ ತುಸು ಕಡಿಮೆಯಾಗಿಯೂ ಇದ್ದರೆ, ಆ ವ್ಯತ್ಯಾಸದಿಂದ ಗದ್ದೆ ಹೊರಬಿಟ್ಟ ಪ್ರಮಾಣವನ್ನು ಲೆಕ್ಕ ಹಾಕಬಹುದು. ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್‌ನದು ಇದಕ್ಕೆ ತಿರುವುಮುರುವು, ಏಕೆಂದರೆ ಅದನ್ನು ಬೆಳೆ ಹೀರಿಕೊಳ್ಳುತ್ತಿರುತ್ತದೆ. ಗದ್ದೆಯ ನಡುವೆ ನಿಲ್ಲಿಸಿದ ಕಂಬದ ಮೇಲೆ, ಕಿವಿಗೆ ಕೇಳಿಸದ ಧ್ವನಿ ಎರಡು ತುದಿಗಳ ನಡುವೆ ಹಾದುಹೋಗಲು ತಗಲುವ ಸಮಯದಿಂದ ಗಾಳಿಯ ವೇಗವನ್ನು ಗುರುತಿಸುವ ಉಪಕರಣವೊಂದು ಇರುತ್ತದೆ; ಅದರ ಪಕ್ಕದಲ್ಲೇ ಅನಿಲದ ಸಾಂದ್ರತೆಯನ್ನು ಗುರುತಿಸುವ ಇನ್ನೊಂದು. ಎರಡೂ ಸೆಕೆಂಡಿಗೆ 10ರಿಂದ 20 ಬಾರಿ ದಾಖಲಿಸಿಕೊಳ್ಳುತ್ತವೆ, ಲೆಕ್ಕವನ್ನು ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಕಟ್ಟುತ್ತಾರೆ.

ಆದರೆ ಈ ವಿಧಾನಕ್ಕೆ ವಿಸ್ತಾರವಾದ, ಒಂದೇ ಬಗೆಯ ಬೆಳೆಯಿರುವ ಬಯಲು ಬೇಕು. ಉಪಕರಣ 3 ಮೀಟರ್ ಎತ್ತರದಲ್ಲಿದ್ದರೆ ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಸುಮಾರು 300 ಮೀಟರ್‌ವರೆಗೆ ಅದೇ ಬೆಳೆ ಇರಬೇಕೆಂಬುದು ಸ್ಥೂಲ ನಿಯಮ. ಬದು, ತೆಂಗು, ಕಾಂಡ್ಲಾ ಗಿಡ, ನೀರಿನ ಹೊಂಡ ಎಲ್ಲವೂ ಒತ್ತೊತ್ತಾಗಿರುವ ಖಾಜನ್‌ನಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ.

ಅಂಥ ಕಡೆ ಪೆಟ್ಟಿಗೆಯ ವಿಧಾನವೇ ಹೆಚ್ಚು ಅನುಕೂಲ. ಕೆಸರಿನಲ್ಲಿ ಮೊದಲೇ ಹೂತಿಟ್ಟ ಚೌಕಟ್ಟಿನ ಮೇಲೆ, ಕೆಲವು ಭತ್ತದ ಬುಡಗಳು ಒಳಗೆ ಬರುವಂತೆ, ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯನ್ನು ಕೂರಿಸಿ, ಅರ್ಧ ಗಂಟೆಯ ಅವಧಿಯಲ್ಲಿ ಕೆಲವು ನಿಮಿಷಗಳಿಗೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತಾರೆ; ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿ, ಮೀಥೇನ್ ಎಷ್ಟು ವೇಗವಾಗಿ ಏರಿತೆಂದು ನೋಡುತ್ತಾರೆ. ಇಲ್ಲಿ ಎಚ್ಚರ ಬೇಕಾದದ್ದು ಕಾಲಿನ ವಿಷಯದಲ್ಲಿ. ಪೆಟ್ಟಿಗೆಯ ಪಕ್ಕದ ಕೆಸರನ್ನು ತುಳಿದರೆ ಮಣ್ಣಿನೊಳಗೆ ಸಿಕ್ಕಿಕೊಂಡಿದ್ದ ಗುಳ್ಳೆಗಳು ಒಮ್ಮೆಲೇ ಮೇಲೆದ್ದು ಬರುತ್ತವೆ, ಆ ಅಳತೆ ಕೆಲಸಕ್ಕೆ ಬಾರದು. ಆದ್ದರಿಂದ ಮೊದಲೇ ಹಲಗೆ ಹಾಸಿ, ಅದರ ಮೇಲೆಯೇ ನಡೆದಾಡುವುದು ರೂಢಿ. ಭತ್ತದ ಗಿಡಗಳನ್ನು ಹೊರಗಿಟ್ಟು ಬರಿಯ ನೀರಿನ ಮೇಲೆ ಪೆಟ್ಟಿಗೆ ಇಡುವುದೂ ದೊಡ್ಡ ತಪ್ಪು, ಏಕೆಂದರೆ ಮಣ್ಣಿನ ಮೀಥೇನ್‌ನ ಬಹುಪಾಲು ಗಿಡದೊಳಗಿನ ಗಾಳಿಯ ನಾಳಗಳ ಮೂಲಕವೇ ಹೊರಬರುತ್ತದೆ.

ತಮ್ಮೂರಿನ ಗಜನಿ ಗದ್ದೆಗಳಂತೆ ಖಾಜನ್ ಕೂಡ ಉಪ್ಪುನೀರಿನ ನೆಲವಾದ್ದರಿಂದ ಇನ್ನೊಂದು ಮಾತು ಸೇರಿಸಬೇಕು. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೇರಳವಾಗಿದೆ. ಅದನ್ನು ಬಳಸುವ ಬ್ಯಾಕ್ಟೀರಿಯಾ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳ ಆಹಾರವನ್ನು ಕಸಿದುಕೊಳ್ಳುವುದರಿಂದ ಮೀಥೇನ್ ತಗ್ಗುತ್ತದೆ. ಮಳೆನೀರು ಉಪ್ಪನ್ನು ತೊಳೆದಂತೆ ಈ ತಡೆ ಸಡಿಲವಾಗಬಹುದು. ಹಾಗಾಗಿ ಒಂದು ದಿನದ ಅಳತೆಯಿಂದ ಇಡೀ ಹಂಗಾಮಿನ ಲೆಕ್ಕ ಹೇಳುವುದು ಸರಿಯಲ್ಲ. ನಾಟಿಯಿಂದ ಕೊಯ್ಲಿನವರೆಗೂ ಅಳೆಯಬೇಕು.

ನಂಬಿಕೆಯ ಪ್ರಶ್ನೆಗೆ ನಮ್ಮ ದೇಶದ್ದೇ ಉದಾಹರಣೆಯಿದೆ. ಬೇರೆ ದೇಶಗಳ ಗದ್ದೆಗಳು ಮೀಥೇನ್ ಬಿಡುವ ದರವನ್ನು ನಮ್ಮ ವಿಸ್ತೀರ್ಣಕ್ಕೆ ಅನ್ವಯಿಸಿ, ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3 ಕೋಟಿ 78 ಲಕ್ಷ ಟನ್ ಮೀಥೇನ್ ಬಿಡುತ್ತವೆ ಎಂದು ಅಮೆರಿಕದ ಪರಿಸರ ಸಂಸ್ಥೆ ಅಂದಾಜು ಮಾಡಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗಳಿಗೇ ಇಳಿದು ಅಳೆದಾಗ ಸಿಕ್ಕಿದ ಅಂದಾಜು ಸುಮಾರು 40 ಲಕ್ಷ ಟನ್. ನಮ್ಮ ರೈತರ ಮೇಲೆ ಹೊರಿಸಿದ್ದ ಹೊರೆಯನ್ನು ಇಳಿಸಿದ ಈ ಕೆಲಸವನ್ನು ಶಾಲೆಗಳಲ್ಲಿ ಪಾಠವಾಗಿ ಕಲಿಸಬೇಕೆಂದು ನನಗೆ ಅನಿಸುತ್ತದೆ.

ಪ್ರಶ್ನೆ: ಚಳಿಗಾಲದ ರಾತ್ರಿ ಪುಣೆಯ ಹೊರವಲಯದ ಹೊಲಗಳ ಮೇಲೆ ಹೊಗೆ ಕದಲದೆ ನಿಂತಿರುತ್ತದೆ. ಆಗ ಅಳತೆ ಹೇಗೆ?
(ಪುಣೆಯ ಕೋಥ್ರೂಡ್‌ನ ಓದುಗರು)

ಉತ್ತರ: ಕಂಬದ ವಿಧಾನ ಸೋಲುವುದು ಅಲ್ಲಿಯೇ. ಸುಳಿಗಳು ಅಡಗಿದಾಗ ಮಣ್ಣು ಮತ್ತು ಬೆಳೆ ಬಿಟ್ಟ ಇಂಗಾಲದ ಡೈಆಕ್ಸೈಡ್ ನೆಲದ ಬಳಿಯೇ ಶೇಖರವಾಗುತ್ತದೆ, ಉಪಕರಣಕ್ಕೆ ಅದರ ಸುಳಿವು ಸರಿಯಾಗಿ ಸಿಗುವುದಿಲ್ಲ. ನೆಲದ ಬಳಿಯ ಗಾಳಿಯ ಅಧ್ಯಯನದಲ್ಲಿ ತಮ್ಮ ಊರಿಗೆ ದೊಡ್ಡ ಹೆಸರಿದೆ: 1932ರಲ್ಲಿ ಪುಣೆಯಲ್ಲಿ ಆರಂಭವಾದ ಕೃಷಿ ಹವಾಮಾನ ವಿಭಾಗವನ್ನು ಕಟ್ಟಿದ ಎಲ್. ಎ. ರಾಮದಾಸ್ ಅವರು, ನಿರ್ಮಲವಾದ ನಿಶ್ಚಲ ರಾತ್ರಿಗಳಲ್ಲಿ ಅತಿ ತಣ್ಣನೆಯ ಗಾಳಿ ನೆಲಕ್ಕೆ ತಾಗಿರದೆ ಅದಕ್ಕಿಂತ ತುಸು ಮೇಲಿರುತ್ತದೆಂದು ತೋರಿಸಿಕೊಟ್ಟರು. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಇಂದು ದೇಶದ ಹಲವೆಡೆ ಇಂಥ ಅಳತೆ ಕಂಬಗಳನ್ನು ನಡೆಸುತ್ತದೆ. ಗಾಳಿ ತೀರಾ ಮಂದವಾಗಿದ್ದ ಅರ್ಧ ಗಂಟೆಗಳ ದಾಖಲೆಯನ್ನು ತೆಗೆದುಹಾಕಿ, ಗಾಳಿಯಿದ್ದ ರಾತ್ರಿಗಳ ಅಳತೆಗೂ ಉಷ್ಣಾಂಶಕ್ಕೂ ಇರುವ ಸಂಬಂಧದಿಂದ ಆ ಜಾಗವನ್ನು ತುಂಬುವುದು ಸಾಮಾನ್ಯ ಕ್ರಮ. ಆದ್ದರಿಂದ ಯಾವುದೇ ಹೊಲದ ವಾರ್ಷಿಕ ಅಂಕಿಯನ್ನು ನೋಡುವಾಗ, ಅದರಲ್ಲಿ ಅಳೆದದ್ದೆಷ್ಟು, ಹೀಗೆ ತುಂಬಿದ್ದೆಷ್ಟು ಎಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ.